ಅಂದವೂ ಬೇಕು, ಕೈಗೂ ಒಗ್ಗಬೇಕು

ಎಲ್ಲರಿಗೂ ನಮಸ್ಕಾರ.

ಲಿನಕ್ಸ್‌ನಲ್ಲಿ ಯಾವ ವಿಂಡೋ ಮ್ಯಾನೇಜರ್ (ಸ್ಕ್ರೀನ್ ಮೇಲಿನ ವಿಂಡೋಗಳನ್ನು ಜೋಡಿಸುವ ಪ್ರೋಗ್ರಾಮ್) ಬಳಸಬೇಕು ಅಂತ ತುಂಬಾ ಜನ ಸ್ಕ್ರೀನ್‌ಶಾಟ್ ನೋಡಿಯೇ ತೀರ್ಮಾನಿಸುತ್ತಾರೆ. ದಿನವಿಡೀ ಕಣ್ಣೆದುರು ಇರುವುದು ಚೆನ್ನಾಗಿ ಕಾಣಬೇಕು, ನಿಜ. ಆದರೆ ಆ ಅಂದ ಕೆಲಸಕ್ಕೆ ಬರುತ್ತದಾ ಅನ್ನೋದು ಸ್ಕ್ರೀನ್‌ಶಾಟ್‌ನಲ್ಲಿ ಗೊತ್ತಾಗುವುದಿಲ್ಲ.

1984ರಲ್ಲಿ ಎಂಐಟಿಯಲ್ಲಿ ಶುರುವಾದ ಎಕ್ಸ್ ವಿಂಡೋ ಸಿಸ್ಟಮ್ ವಿಂಡೋಗಳಿಗೆ ಜಾಗ ಕೊಡುತ್ತದೆ, ಅಷ್ಟೇ. ಟೈಟಲ್ ಬಾರ್, ಅಂಚು, ಯಾವ ವಿಂಡೋ ಮೇಲಿರಬೇಕು ಅನ್ನೋದೆಲ್ಲ ಬೇರೆ ಪ್ರೋಗ್ರಾಮಿನ, ಅಂದರೆ ವಿಂಡೋ ಮ್ಯಾನೇಜರ್‌ನ ಕೆಲಸ. ಅದಕ್ಕೇ ನಮಗೆ ಇಷ್ಟೊಂದು ಆಯ್ಕೆ: ನೆಕ್ಸ್ಟ್‌ಸ್ಟೆಪ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್‌ನ ಚೆಲುವನ್ನು ಉಳಿಸಿಕೊಂಡ ವಿಂಡೋ ಮೇಕರ್, ಹಗುರವಾದ ಓಪನ್‌ಬಾಕ್ಸ್, 2009ರಲ್ಲಿ ಬಂದ ಐ3. ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲಿ ಈ ಕೆಲಸವನ್ನು ಕಾಂಪೋಸಿಟರೇ (ಎಲ್ಲ ವಿಂಡೋಗಳನ್ನು ಸೇರಿಸಿ ಸ್ಕ್ರೀನ್ ಮೇಲೆ ತೋರಿಸುವ ಪ್ರೋಗ್ರಾಮ್) ಮಾಡುತ್ತದೆ. ಐ3 ಬಳಸುವವರು ಅಲ್ಲಿ ಸ್ವೇ ಹಾಕಿಕೊಂಡರೆ ಹಳೆಯ ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲ್ ಹೆಚ್ಚುಕಮ್ಮಿ ಹಾಗೇ ನಡೆಯುತ್ತದೆ.

ನಾನು ನೋಡುವ ಮೊದಲ ಪರೀಕ್ಷೆ ಸುಲಭ. ಮೂರು ಟರ್ಮಿನಲ್ ತೆರೆಯಿರಿ. ಒಂದು ಕ್ಷಣ ಬೇರೆ ಕಡೆ ನೋಡಿ, ಮತ್ತೆ ಸ್ಕ್ರೀನ್ ನೋಡಿ. ಈಗ ಟೈಪ್ ಮಾಡಿದರೆ ಅಕ್ಷರ ಯಾವುದರಲ್ಲಿ ಬೀಳುತ್ತದೆ? ಯೋಚಿಸಬೇಕಾಗಿ ಬಂದರೆ ಆ ಥೀಮ್ ಬೇಡ. ಈಗಿನ ಕಪ್ಪು ಥೀಮ್‌ಗಳಲ್ಲಿ ಇದೇ ದೊಡ್ಡ ತೊಂದರೆ. ಕೆಲಸ ನಡೆಯುತ್ತಿರುವ ವಿಂಡೋಗೂ ಸುಮ್ನೆ ಕೂತಿರುವ ವಿಂಡೋಗೂ ಬಣ್ಣದಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಚಾಟ್ ವಿಂಡೋದಲ್ಲಿ ಪಾಸ್‌ವರ್ಡ್ ಟೈಪ್ ಆಗೋದು ಹೀಗೆಯೇ. ಅಂಚಿಗೆ ಒಂದು ಎದ್ದು ಕಾಣುವ ಬಣ್ಣ ಕೊಟ್ಟರೆ ಸಾಕು, ಕಣ್ಣಿಗೂ ಹಿತ.

ಆಮೇಲೆ ಅಂಚಿನ ದಪ್ಪ. ಒಂದೇ ಪಿಕ್ಸೆಲ್‌ನ ಗೆರೆ ನೋಡಲು ಚಂದ, ಮೌಸ್‌ನಿಂದ ಹಿಡಿಯಲು ಹಿಂಸೆ. ಓಪನ್‌ಬಾಕ್ಸ್‌ನಲ್ಲಿ ಇದಕ್ಕೆ ಸೊಗಸಾದ ದಾರಿ ಇದೆ: ಆಲ್ಟ್ ಒತ್ತಿ ಹಿಡಿದು ವಿಂಡೋ ಮೇಲೆ ಎಲ್ಲೇ ಆದರೂ ಬಲ ಬಟನ್‌ನಿಂದ ಎಳೆದರೆ ಅಳತೆ ಬದಲಾಗುತ್ತದೆ, ಎಡ ಬಟನ್‌ನಿಂದ ಎಳೆದರೆ ಜಾಗ ಬದಲಾಗುತ್ತದೆ. ಇದು ಕೈಗೆ ಬಂದರೆ ತೆಳು ಅಂಚನ್ನು ಧೈರ್ಯವಾಗಿ ಇಟ್ಟುಕೊಳ್ಳಬಹುದು.

ಟೈಲಿಂಗ್, ಅಂದರೆ ವಿಂಡೋಗಳು ಒಂದರ ಮೇಲೊಂದು ಬೀಳದೆ ತಾವೇ ಪಕ್ಕಪಕ್ಕ ಜೋಡಿಕೊಳ್ಳುವ ರೀತಿಯ ಬಗ್ಗೆ ಉತ್ಸಾಹ ಜಾಸ್ತಿ. ಬರೆಯುವುದು, ಕೋಡ್ ಮಾಡುವುದು ನಿಮ್ಮ ಕೆಲಸವಾದರೆ ಈ ಬಗೆಯ ಐ3 ನಿಜಕ್ಕೂ ಸುಖ. ವಿಂಡೋ ಜೋಡಿಸುವ ತಲೆನೋವೇ ಇಲ್ಲ. ಆದರೆ ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ ಮೂರನೇ ವಿಂಡೋ ತೆರೆದ ಕೂಡಲೇ ಎಲ್ಲವೂ ಇಕ್ಕಟ್ಟಾಗುತ್ತದೆ. ಆಗ ಟ್ಯಾಬ್ ಲೇಔಟ್‌ಗೆ ಬದಲಿಸಿ, ಒಂದು ಕೀಲಿಯ ಮಾತು. ಚಿತ್ರ ತಿದ್ದುವವರಿಗೆ, ಪುಟ್ಟ ಡೈಲಾಗ್‌ಗಳ ನಡುವೆ ಕೆಲಸ ಮಾಡುವವರಿಗೆ ತೇಲುವ (ಎಲ್ಲಿ ಬೇಕಾದರೂ ಎಳೆದು ಇಡಬಹುದಾದ) ವಿಂಡೋಗಳೇ ವಾಸಿ ಅಂತ ನನ್ನ ಅಭಿಪ್ರಾಯ.

ಹೊಸದನ್ನು ನೋಡಲು ಹಳೆಯದನ್ನು ತೆಗೆಯಬೇಕಿಲ್ಲ. ಎರಡೂ ಇರಲಿ, ಲಾಗಿನ್ ಆಗುವಾಗ ಸೆಷನ್ ಆರಿಸಿಕೊಳ್ಳಿ. ಒಂದು ವಾರ ನಿಮ್ಮ ಮಾಮೂಲಿ ಕೆಲಸವನ್ನೇ ಅದರಲ್ಲಿ ಮಾಡಿ. ಥೀಮ್ ಮುಟ್ಟೋದು ಅದಾದ ಮೇಲೆ.