ಮೊದಲ ಪುಟದ ಕೆಳಗೆ ಮಲ್ಲೇಶ್ವರ

ನಮಸ್ಕಾರ. ನಮ್ಮ ಬೆಂಗಳೂರಿನ ಅವೆನ್ಯೂ ರೋಡ್ ಫುಟ್‌ಪಾತ್ ಗೊತ್ತಲ್ಲ, ಹಳೇ ಪುಸ್ತಕದ ರಾಶಿ ಹಾಕ್ಕೊಂಡು ಕೂತಿರ್ತಾರೆ. ಹೋದ ತಿಂಗಳು ಅಲ್ಲಿ ಸಿಇಟಿ ಗೈಡುಗಳ ಮಧ್ಯೆ ನನಗೊಂದು ದಪ್ಪ ಪುಸ್ತಕ ಸಿಕ್ತು. ಇಂಗ್ಲಿಷಿನದು, ಹೆಸರು 'ದಿ ಕ್ರಿಶ್ಚಿಯನ್ ಫೇತ್'. ನೂರೈವತ್ತು ಅಂದ, ನೂರಕ್ಕೆ ಕೊಟ್ಟ. ಯಾರೋ ಗುರುಮಠದ, ಅಂದ್ರೆ ಪಾದ್ರಿಗಳನ್ನ ತಯಾರು ಮಾಡೋ ಸೆಮಿನರಿಯ, ಹುಡುಗ ಪುಟಪುಟಕ್ಕೂ ಪೆನ್ಸಿಲ್ ಗೆರೆ ಎಳೆದಿದ್ದಾನೆ. ಒಂದು ಕಡೆ ಅಂಚಿನಲ್ಲಿ ಕನ್ನಡದಲ್ಲಿ, 'ಇದು ಗ್ಯಾರಂಟಿ ಬರುತ್ತೆ' ಅಂತ ಬರೆದಿದ್ದಾನೆ. ಮೊದಲ ಪುಟದ ಕೆಳಗೆ ಪ್ರಕಾಶಕರ ಹೆಸರು: ಥಿಯೋಲಾಜಿಕಲ್ ಪಬ್ಲಿಕೇಷನ್ಸ್ ಇನ್ ಇಂಡಿಯಾ. ವಿಳಾಸ: ಸೇಂಟ್ ಪೀಟರ್ಸ್ ಸೆಮಿನರಿ, ಮಲ್ಲೇಶ್ವರ.

ಮಲ್ಲೇಶ್ವರ ಅಂದ್ರೆ ನಮಗೆ ಸಿ.ಟಿ.ಆರ್. ದೋಸೆ, ಸಂಪಿಗೆ ರಸ್ತೆ, ಎಂಟನೇ ಕ್ರಾಸ್ ಸೀರೆ ಅಂಗಡಿ. ಅಲ್ಲಿಂದ ಪುಸ್ತಕ ಹೊರಟು ಪ್ರಪಂಚದ ಗುರುಮಠಗಳಿಗೆ ಹೋಗುತ್ತೆ ಅಂತ ಎಷ್ಟು ಜನಕ್ಕೆ ಗೊತ್ತು? ನಾನು ಕಥೋಲಿಕ, ಹುಟ್ಟಿ ಬೆಳೆದದ್ದು ಇದೇ ಊರು, ನನಗೇ ಗೊತ್ತಿರಲಿಲ್ಲ.

ಈ ಪುಸ್ತಕ ಏನು ಅಂದ್ರೆ, ಕಥೋಲಿಕ ಧರ್ಮಸಭೆ ಶತಮಾನಗಳಿಂದ ಹೊರಡಿಸಿದ ಸಿದ್ಧಾಂತದ ದಾಖಲೆಗಳನ್ನ ಇಂಗ್ಲಿಷಿಗೆ ತಂದು, ವಿಷಯವಾರು ಜೋಡಿಸಿ, ಒಂದೊಂದಕ್ಕೂ ನಂಬರು ಹಾಕಿರೋ ಸಂಗ್ರಹ. ಸಂಪಾದಿಸಿದವರು ಇಬ್ಬರು ಯೇಸುಸಭೆಯ (ಜೆಸ್ವಿಟ್) ಗುರುಗಳು. ಒಬ್ಬರು ಆಸ್ಟ್ರಿಯಾದ ಯೋಸೆಫ್ ನ್ಯೂನರ್, ಇನ್ನೊಬ್ಬರು ಬೆಲ್ಜಿಯಂನ ಜಾಕ್ ದುಪುಯಿ. ಇಬ್ಬರೂ ದಶಕಗಟ್ಟಲೆ ನಮ್ಮ ದೇಶದಲ್ಲಿ ಪಾಠ ಹೇಳಿದವರು. ಬೆಂಗಳೂರಲ್ಲಿ 1973ರಲ್ಲಿ ಬಂತು, 2001ಕ್ಕೆ ಏಳನೇ ಆವೃತ್ತಿ. ದೇವಶಾಸ್ತ್ರ ಓದೋರು ಅಡಿಟಿಪ್ಪಣಿಯಲ್ಲಿ ಇವತ್ತಿಗೂ ನ್ಯೂನರ್–ದುಪುಯಿ ಅನ್ನೋದಕ್ಕೆ 'ಎನ್.ಡಿ.' ಅಂತ ಎರಡಕ್ಷರ ಹಾಕಿ ಮುಂದೆ ನಂಬರು ಬರೀತಾರೆ. ಅಷ್ಟೇ ಸಾಕು, ಎಲ್ಲರಿಗೂ ಗೊತ್ತಾಗುತ್ತೆ.

ಇಲ್ಲೊಂದು ತಮಾಷೆ ಇದೆ. ದುಪುಯಿಯವರು 1997ರಲ್ಲಿ ಬೇರೆ ಧರ್ಮಗಳ ಬಗ್ಗೆ ಒಂದು ಪುಸ್ತಕ ಬರೆದ್ರು. ರೋಮಿನವರಿಗೆ ಕಸಿವಿಸಿ ಆಯ್ತು, ವಿಚಾರಣೆ ನಡೀತು, 2001ರ ಜನವರಿಯಲ್ಲಿ ಆ ಪುಸ್ತಕದಲ್ಲಿ ಗೊಂದಲ ಇದೆ ಅಂತ ಅಧಿಕೃತ ಸೂಚನೆ ಹೊರಡಿಸಿದ್ರು. ಅದೇ 2001ರಲ್ಲೇ, ರೋಮಿನ ಅಧಿಕೃತ ಬೋಧನೆಗಳ ಸಂಗ್ರಹದ ಏಳನೇ ಆವೃತ್ತಿ, ಅದೇ ದುಪುಯಿ ಕೈಯಲ್ಲಿ, ಮಲ್ಲೇಶ್ವರದಿಂದ ಹೊರಗೆ ಬಂತು. ಯಾವ ಸಿದ್ಧಾಂತ ತಪ್ಪಿದ್ರು ಅಂತ ವಿಚಾರಣೆ ಆಯ್ತೋ, ಆ ಸಿದ್ಧಾಂತವನ್ನ ನಂಬರು ಹಾಕಿ ಜೋಡಿಸಿಕೊಟ್ಟವರೇ ಅವರು!

ಸರಿ. ಈಗ ಸುಮಾರು ನೂರೆಪ್ಪತ್ತು ವರ್ಷ ಹಿಂದಕ್ಕೆ ಹೋಗೋಣ. ನಾನು ಇವತ್ತು ಮಾತಾಡೋಕೆ ಕೂತಿದ್ದೇ ಇದಕ್ಕೆ.

1850ರ ದಶಕ. ಮೈಸೂರು ಸೀಮೆಯ ಕಥೋಲಿಕರಿಗೆ ಎತಿಯೆನ್ ಲೂಯಿ ಶಾರ್ಬೊನೊ ಅಂತ ಫ್ರೆಂಚ್ ಧರ್ಮಾಧ್ಯಕ್ಷರು. 1854ರಲ್ಲಿ ಗುಡ್ ಶೆಫರ್ಡ್ ಸಿಸ್ಟರ್‌ಗಳನ್ನ ಬೆಂಗಳೂರಿಗೆ ಕರೆಸಿದವರು ಇವರೇ. ಮುಂದೆ ಮಾರ್ಥಾಸ್ ಆಸ್ಪತ್ರೆ ಕಟ್ಟಿದ್ದು ಆ ಸಿಸ್ಟರ್‌ಗಳು. ಈ ಬಿಷಪ್ಪರು 1855ರಲ್ಲಿ ಕನ್ನಡ–ಲ್ಯಾಟಿನ್ ನಿಘಂಟು ತಂದ್ರು. 1861ರಲ್ಲಿ ಲ್ಯಾಟಿನ್–ಕನ್ನಡ. ಎರಡೂ ಬೆಂಗಳೂರಲ್ಲೇ ಅಚ್ಚಾದವು. ಊರಿನ ಹೆಸರು ಹಾಕಬೇಕಾದ ಜಾಗದಲ್ಲಿ 'ಬ್ಯಾಂಗಲೋರಿ' ಅಂತಿದೆ. ಲ್ಯಾಟಿನ್ನಿನಲ್ಲಿ ಹಾಗಂದ್ರೆ 'ಬೆಂಗಳೂರಿನಲ್ಲಿ'. ನಾವು ಸಪ್ತಮಿ ವಿಭಕ್ತಿ ಅಂತೀವಲ್ಲ, ಅದೇ. ಬರೆದವರ ಹೆಸರಂತೂ ಇಲ್ಲವೇ ಇಲ್ಲ, ಬಿಷಪ್ ಅನ್ನೋ ಪದವಿ ಮಾತ್ರ.

ಒಂದು ಪುಟ ಊಹಿಸ್ಕೊಳಿ. ಒಂದು ಗೆರೆಯಲ್ಲಿ ಕನ್ನಡದ ಅಚ್ಚುಮೊಳೆ, ಪಕ್ಕದಲ್ಲೇ ಲ್ಯಾಟಿನ್ ಮೊಳೆ. ಇಂಗ್ಲಿಷ್ ಅಕ್ಷರದ ಖಾನೆಗಳು ಒಂದು ಮೇಜಿಗೆ ಮುಗಿದುಹೋಗ್ತವೆ. ಕನ್ನಡಕ್ಕೆ ಕಾಗುಣಿತ ಬೇಕು, ಒತ್ತಕ್ಷರ ಬೇಕು, ಅರ್ಕಾವತ್ತು ಬೇಕು. ಒಂದು 'ಷ್ಟ್ರ' ಜೋಡಿಸೋಕೆ ಕೈ ಎಲ್ಲೆಲ್ಲಿ ಓಡಾಡಬೇಕು! ಇದನ್ನ ಒಂದು ಇಡೀ ನಿಘಂಟಿಗೆ, ಕೈಯಲ್ಲಿ, ಒಂದೊಂದೇ ಮೊಳೆ ಹೆಕ್ಕಿ ಮಾಡಿದ್ದಾರೆ. ಯಾರು ಮೊಳೆ ಜೋಡಿಸಿದ್ರು, ಯಾರು ಕರಡು ತಿದ್ದಿದ್ರು? ಬಿಷಪ್ಪರ ಹೆಸರೇ ಇಲ್ಲದ ಮೇಲೆ ಕಂಪಾಸಿಟರ್ ಹೆಸರು ಎಲ್ಲಿಂದ ಬರಬೇಕು.

ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ, ಮಂಗಳೂರಲ್ಲಿ. ಕಿಟೆಲ್ ಸಾಹೇಬರಿಗೆ ಮೇಯೋ ಹಾಲ್ ಹತ್ತಿರ ಪ್ರತಿಮೆ ಇದೆ, ಇರಬೇಕಾದ್ದೇ. ಅದು ಬೇರೆಯದೇ ಎತ್ತರದ ಕೆಲಸ. ನಾನು ಹೋಲಿಸ್ತಿಲ್ಲ. ಆದ್ರೆ ಅದಕ್ಕೂ ಸುಮಾರು ನಲವತ್ತು ವರ್ಷ ಮೊದಲು ಇದೇ ಊರಲ್ಲಿ ಕನ್ನಡದ ಪದಗಳನ್ನ ಯಾರೋ ಕೂಡಿಟ್ಟಿದ್ರು. ಆಗ ಈ ಊರಿನ ಕಥೋಲಿಕ ಅಚ್ಚುಕೂಟದ ಮೇಜಿನ ಮೇಲೆ ಕನ್ನಡ ಇತ್ತು.

ಈಗ? ಈಗಲೂ ಬೆಂಗಳೂರು ಕಥೋಲಿಕ ಪುಸ್ತಕೋದ್ಯಮದ ದೊಡ್ಡ ಊರೇ. ಮಲ್ಲೇಶ್ವರದವರಿದ್ದಾರೆ. ಧರ್ಮಾರಾಮ್ ಕಾಲೇಜಿನ ಪ್ರಕಾಶನದವರಿದ್ದಾರೆ. ಏಷಿಯನ್ ಟ್ರೇಡಿಂಗ್ ಕಾರ್ಪೊರೇಷನ್ ಇದೆ, ಹೆಸರು ಕೇಳಿದ್ರೆ ಏಲಕ್ಕಿ ಮಂಡಿ ಅನ್ಸುತ್ತೆ, ಮಾಡೋದು ಪುಸ್ತಕ. 2018ರಲ್ಲಿ ಇಎಸ್‌ವಿ ಅನ್ನೋ ಇಂಗ್ಲಿಷ್ ಬೈಬಲ್ಲಿನ ಕಥೋಲಿಕ ಆವೃತ್ತಿಯನ್ನ ಇವರು ತಂದ್ರು, ಅಮೆರಿಕದಲ್ಲಿ ಅದು ಬಂದಿದ್ದು ಮುಂದಿನ ವರ್ಷ. ಬೆಂಗಳೂರು ಮೊದಲು, ಅಮೆರಿಕ ಆಮೇಲೆ! ಅದೇ ಅನುವಾದದ, ಇಂಗ್ಲಿಷ್ ಪೂಜೆಯಲ್ಲಿ ಓದೋ ಹೊಸ ವಾಚನ ಗ್ರಂಥವನ್ನ ನಮ್ಮ ದೇಶದ ಚರ್ಚುಗಳು ಓದೋಕೆ ಶುರು ಮಾಡಬೇಕಾಗಿದ್ದು 2020ರ ಗರಿಗಳ ಭಾನುವಾರ, ಏಪ್ರಿಲ್ 5ರಿಂದ. ಲಾಕ್‌ಡೌನ್. ಪುಸ್ತಕ ರೆಡಿ, ಚರ್ಚಿಗೆ ಬೀಗ.

ಆದ್ರೆ ಗಮನಿಸಿ, ನಾನು ಹೆಮ್ಮೆಯಿಂದ ಹೇಳಿದ್ದೆಲ್ಲ ಇಂಗ್ಲಿಷ್ ಪುಸ್ತಕಗಳು. ಕನ್ನಡ ಎಲ್ಲಿ ಹೋಯ್ತು?

ಪ್ರಕಾಶಕರನ್ನ ಬೈಯೋದು ಸುಲಭ. ನಾನು ಬೈಯಲ್ಲ. ಇಂಗ್ಲಿಷ್ ಪುಸ್ತಕಕ್ಕೆ ದೇಶದ ಅಷ್ಟೂ ಗುರುಮಠಗಳು ಗಿರಾಕಿ. ಕನ್ನಡದ್ದಕ್ಕೆ ನಾನು, ನೀವು, ನಮ್ಮಮ್ಮ. ಸಣ್ಣ ಪ್ರಕಾಶನ ಎಲ್ಲೇ ಆಗಲಿ, ಅದರ ಹೊಟ್ಟೆ ತುಂಬಿಸೋದು ಜಪದ ಪುಸ್ತಕ, ಶಿಲುಬೆ ಹಾದಿ, ಕ್ಯಾಲೆಂಡರು, ಮಕ್ಕಳ ಜ್ಞಾನೋಪದೇಶ. ಅದರಲ್ಲಿ ಉಳಿದ ಕಾಸಿನಲ್ಲಿ ಗಟ್ಟಿ ಪುಸ್ತಕ ಒಂದೋ ಎರಡೋ. ಆ ಗಟ್ಟಿ ಪುಸ್ತಕಗಳ ಕಟ್ಟು ಗೋಡೌನಲ್ಲಿ ಹಾಗೇ ಕೂತ್ರೆ ಮುಂದಿನದನ್ನ ಯಾವ ಧೈರ್ಯದ ಮೇಲೆ ಮಾಡ್ತಾರೆ?

1963ರ ಡಿಸೆಂಬರಲ್ಲಿ ವ್ಯಾಟಿಕನ್ ಮಹಾಸಭೆ ಜನರ ಭಾಷೆಯಲ್ಲಿ ಪೂಜೆ ಮಾಡಬಹುದು ಅಂತು. ಆವತ್ತಿನ ತನಕ ಪೂಜೆ ಲ್ಯಾಟಿನ್ನಿನಲ್ಲಿತ್ತು. ಆವತ್ತಿನಿಂದ ಪೀಠದ ಮೇಲೇ ಕನ್ನಡ ಬೇಕಾಯ್ತು. ಬಲಿಪೂಜೆ, ಪರಮಪ್ರಸಾದ, ಶುಭಸಂದೇಶ ಅಂತ ನಾವು ಬಾಯಿಪಾಠ ಹೇಳೋ ಈ ಮಾತುಗಳು ಪುಸ್ತಕಕ್ಕೆ ಇಳಿದು, ಕರಡು ತಿದ್ದಿ, ಅಚ್ಚಾಗಿ ನಮ್ಮ ನಾಲಿಗೆಗೆ ಬಂದವು. ಆಮೇಲೆ ಈ ಊರಿನ ಚರ್ಚುಗಳಲ್ಲಿ ಯಾವ ಭಾಷೆಯಲ್ಲಿ ಪೂಜೆ ಅಂತ ಎಷ್ಟು ಜಗಳ ಆಯ್ತು, ನಿಮಗೆ ಗೊತ್ತು. ಕನ್ನಡದಲ್ಲಿ ಪೂಜೆ ಬೇಕು ಅಂತ ನಾವು ಬೀದಿಗಿಳಿದ್ವಿ. ನ್ಯಾಯವೇ. ಕನ್ನಡದಲ್ಲಿ ಪುಸ್ತಕ ಬೇಕು ಅಂತ ಅಂಗಡಿ ಮೆಟ್ಟಿಲು ಹತ್ತಿದವರು ಎಷ್ಟು ಜನ? ನನ್ನನ್ನೂ ಸೇರಿಸಿಯೇ ಕೇಳ್ತಿದ್ದೀನಿ.

ಮೊನ್ನೆ ಒಂದು ಅಂಗಡಿಗೆ ಹೋದೆ. ಮುಂದೆ ಜಪಸರ, ಮೇಣದ ಬತ್ತಿ, ಬಾಲಯೇಸುವಿನ ಪ್ರತಿಮೆ, ಕಾರಿಗೆ ಅಂಟಿಸೋ ಸಂತ ಕ್ರಿಸ್ಟೋಫರ್. ಒಳಗೆ ಇಂಗ್ಲಿಷ್ ಪುಸ್ತಕ, ಗೋಡೆ ತುಂಬ. ಕನ್ನಡ ಅಂದೆ. ಕೌಂಟರಿನ ಹುಡುಗಿ ಬಗ್ಗಿ, ಕೆಳಗಿನ ಗೂಡಿನ ಧೂಳು ಒರೆಸಿ, ಒಂದು ಮೊಣಕೈ ಉದ್ದದ ಸಾಲು ತೋರಿಸಿದ್ಲು. 'ಈಸ್ಟರ್ ಮುಂಚೆ, ತಪಸ್ಸು ಕಾಲದಲ್ಲಿ ಕೇಳ್ತಾರೆ ಸಾರ್, ಉಳಿದ ಟೈಮಲ್ಲಿ ಯಾರೂ ಕೇಳಲ್ಲ.'

ಇನ್ನೊಂದು ಹೊಟ್ಟೆಯುರಿ ಹೇಳ್ಬಿಡ್ತೀನಿ. ಒಂದು ಚರ್ಚು, ಹೆಸರು ಬೇಡ. ಹಳೇ ಪಾದ್ರಿ ಮನೆ ಕೆಡವುವಾಗ ಬೀರು ತುಂಬ ಇದ್ದ ಕನ್ನಡ ಪುಸ್ತಕಗಳನ್ನ ರದ್ದಿಯವನಿಗೆ ಹಾಕಿದ್ರು, ಕೆ.ಜಿ. ಲೆಕ್ಕದಲ್ಲಿ. ನಾನು ತಲುಪೋ ಹೊತ್ತಿಗೆ ಟೆಂಪೋ ಹೋಗಿತ್ತು. ಅಂಗಳದಲ್ಲಿ ಒಂದೇ ಒಂದು ರಟ್ಟು ಬಿದ್ದಿತ್ತು, ಒಳಗೆ ಏನೂ ಇಲ್ಲ. ಹಳೇ ಕಥೋಲಿಕ ಪುಸ್ತಕದಲ್ಲಿ ಎರಡು ಲ್ಯಾಟಿನ್ ಮಾತು ಇರ್ತವೆ, 'ನಿಹಿಲ್ ಓಬ್ಸ್ತಾತ್', 'ಇಂಪ್ರಿಮಾತುರ್'. ಅಡ್ಡಿಯೇನಿಲ್ಲ, ಅಚ್ಚಾಗಲಿ, ಅಂತ ಅರ್ಥ. ಜೊತೆಗೆ ಅನುಮತಿ ಕೊಟ್ಟವರ ಹೆಸರು, ಊರು, ತಾರೀಕು. ಎಲ್ಲೂ ಬರೆದಿಡದ ಪ್ರಕಾಶನದ ಚರಿತ್ರೆಗೆ ಆ ಪುಟವೇ ದಾಖಲೆ. ಅದು ಟೆಂಪೋದಲ್ಲಿ ಹೋಯ್ತು.

ಮನೆಗೆ ಬಂದು ಅಜ್ಜಿಯ ಜಪದ ಪುಸ್ತಕ ಹುಡುಕಿದೆ. ಹಾರೋಬೆಲೆಯ ಅಜ್ಜಿ. ಬೈಂಡು ಬಿಟ್ಟುಹೋಗಿದೆ, ಪಂಚೆ ಅಂಚಿನ ದಾರದಲ್ಲಿ ಹೊಲಿದಿದ್ದಾರೆ. ಜಪಸರದ ಪುಟ ಬೆರಳು ತಗುಲಿ ತಗುಲಿ ಎಣ್ಣೆ ಕಾಗದದ ಹಾಗಾಗಿದೆ. ಮಧ್ಯೆ ತೀರಿಹೋದವರ ಫೋಟೋ ಇರೋ ಕಾರ್ಡುಗಳು. ಮೊದಲ ಪುಟ ನೋಡೋಣ ಅಂತ ತಿರುಗಿಸಿದೆ. ಇಲ್ಲ. ಒಂಬತ್ತನೇ ಪುಟದಿಂದ ಶುರು.

ಅಮ್ಮನ್ನ ಕೇಳಿದೆ, ಇದು ಎಲ್ಲಿ ಅಚ್ಚಾಗಿದ್ದಮ್ಮಾ?

'ಎಲ್ಲಿದೋ ಯಾರಿಗೊತ್ತು. ಬೆಂಗ್ಳೂರಿಂದ ಬರೋವಾಗ ಸ್ವಾಮಿಯೋರು ತಂದುಕೊಟ್ಟಿದ್ರು.'