ಆ ಚಿತ್ರದಲ್ಲಿ ಅವನು ತಲೆಬಾಗಿದ್ದಾನೆ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಎರಡು ಹಳೆಯ ಫೋಟೊಗಳ ಬಗ್ಗೆ. ಬಾನುಲಿಯಲ್ಲಿ ಅವನ್ನು ತೋರಿಸುವಂತಿಲ್ಲ. ನಿಧಾನವಾಗಿ ಹೇಳುತ್ತೇನೆ, ನೀವು ಕಣ್ಣಮುಂದೆ ತಂದುಕೊಳ್ಳಿ.

ವಯಸ್ಸಾದ ಸೇನಾನಿಯೊಬ್ಬರು ನಿಂತಿದ್ದಾರೆ. ಭಾರಿ ಆಳು. ಫೀಲ್ಡ್ ಮಾರ್ಷಲ್ ಸಮವಸ್ತ್ರ, ತಲೆಯ ಮೇಲೆ ಚೂಪು ತುದಿಯ ಹಳೆಯ ಪ್ರಷ್ಯನ್ ಶಿರಸ್ತ್ರಾಣ, ಎದೆಯ ಮೇಲೆ ಪದಕಗಳು. ಎದುರಿಗೆ ಕಪ್ಪು ಕೋಟಿನ, ಬರಿತಲೆಯ ಒಬ್ಬ ಮನುಷ್ಯ. ಹಿರಿಯರ ಕೈ ಹಿಡಿದು ತಲೆಬಾಗಿದ್ದಾನೆ. ಇಬ್ಬರ ಪರಿಚಯವೂ ಇಲ್ಲದವರು ನೋಡಿದರೆ, ವಿನಯವಂತನೊಬ್ಬ ಹಿರಿಯರ ಆಶೀರ್ವಾದ ಪಡೆಯುತ್ತಿದ್ದಾನೆ ಅನ್ನಬೇಕು, ಹಾಗಿದೆ.

ಹಿರಿಯರು ಜರ್ಮನಿಯ ಅಧ್ಯಕ್ಷ ಪಾಲ್ ಫಾನ್ ಹಿಂಡೆನ್‌ಬರ್ಗ್, ಆಗ ಅವರಿಗೆ 85 ವರ್ಷ. ಬಾಗಿದವನು ಅಡಾಲ್ಫ್ ಹಿಟ್ಲರ್, ಚಾನ್ಸಲರ್ ಆಗಿ ಎರಡು ತಿಂಗಳೂ ತುಂಬಿರಲಿಲ್ಲ. ದಿನ 1933ರ ಮಾರ್ಚ್ 21. ಬರ್ಲಿನ್ ಪಕ್ಕದ ಪಾಟ್ಸ್‌ಡಾಮ್‌ನಲ್ಲಿ, ಗ್ಯಾರಿಸನ್ ಚರ್ಚಿನ ಹೊರಗೆ ಥಿಯೊ ಐಸನ್‌ಹಾರ್ಟ್ ಎಂಬ ಛಾಯಾಗ್ರಾಹಕ ತೆಗೆದ ಚಿತ್ರ ಇದು.

ಅಂದಿನ ಸಮಾರಂಭದ ಏರ್ಪಾಡಿನಲ್ಲಿ ಗೋಬೆಲ್ಸ್‌ನ ಕೈ ದೊಡ್ಡದು. ಪ್ರಚಾರ ಮಂತ್ರಿಯಾಗಿ ಅವನಿಗೆ ಅದು ಎಂಟನೆಯ ದಿನ. 1871ರಲ್ಲಿ ಬಿಸ್ಮಾರ್ಕ್ ಕಾಲದ ಮೊದಲ ಸಂಸತ್ತು ಸೇರಿದ್ದೂ ಮಾರ್ಚ್ 21ರಂದೇ. ಚರ್ಚಿನಲ್ಲಿ ಪ್ರಷ್ಯದ ದೊರೆಗಳ ಸಮಾಧಿ. ಹಳೆಯ ಜರ್ಮನಿ ಹೊಸಬನನ್ನು ಒಪ್ಪಿಕೊಂಡಿದೆ, ಹೊಸಬ ಹಳೆಯದಕ್ಕೆ ಮಣಿದಿದ್ದಾನೆ ಎಂದು ಜನ ನಂಬಬೇಕಿತ್ತು. ಬಹಳ ಜನ ನಂಬಿದರು.

ಈಗ ಚಿತ್ರದ ಚೌಕಟ್ಟಿನಾಚೆ ಬನ್ನಿ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿದ್ದಿತ್ತು. ಮರುದಿನವೇ ಒಂದು ಸುಗ್ರೀವಾಜ್ಞೆ ಬಂತು: ಮಾತಿನ, ಪತ್ರಿಕೆಯ, ಸಭೆ ಸೇರುವ ಸ್ವಾತಂತ್ರ್ಯ ರದ್ದು, ಕಾಗದ ಒಡೆದು ಓದಬಹುದು, ಫೋನು ಕದ್ದು ಕೇಳಬಹುದು. ಅದಕ್ಕೆ ಸಹಿ ಹಾಕಿದವರು ಇದೇ ಹಿಂಡೆನ್‌ಬರ್ಗ್. ಅಂದರೆ ಚಿತ್ರದಲ್ಲಿ ಕುಲುಕುತ್ತಿರುವ ಆ ಕೈ ತನ್ನ ಕೆಲಸವನ್ನು ಮೂರು ವಾರ ಮೊದಲೇ ಮುಗಿಸಿತ್ತು. ಆಯ್ಕೆಯಾಗಿ ಬಂದಿದ್ದ ಕಮ್ಯುನಿಸ್ಟ್ ಸದಸ್ಯರು ಜೈಲಿನಲ್ಲಿದ್ದರು, ಇಲ್ಲವೇ ತಲೆಮರೆಸಿಕೊಂಡಿದ್ದರು. ಸೋಷಿಯಲ್ ಡೆಮಾಕ್ರಾಟರು ಸಮಾರಂಭಕ್ಕೆ ಹೋಗಲಿಲ್ಲ.

ಇನ್ನೊಂದು ಸಂಗತಿಯಿದೆ. ಅದನ್ನು ತಿಳಿದ ಮೇಲೆ ನನಗೆ ಈ ಚಿತ್ರವನ್ನು ಮೊದಲಿನ ಹಾಗೆ ನೋಡಲು ಆಗಿಲ್ಲ. ಅದೇ ಮಾರ್ಚ್ 21ರ ಮ್ಯೂನಿಕ್ ಪತ್ರಿಕೆಯಲ್ಲಿ, ಆ ಊರಿನ ಪೊಲೀಸ್ ಮುಖ್ಯಸ್ಥನಾಗಿದ್ದ ನಾಜಿ ನಾಯಕ ಹಿಮ್ಲರ್‌ನ ಪ್ರಕಟಣೆಯೊಂದು ಅಚ್ಚಾಯಿತು: ಡಖಾವ್‌ನಲ್ಲಿ 5,000 ಜನರನ್ನು ಇಡಬಲ್ಲ ಬಂಧನ ಶಿಬಿರ ತೆರೆಯಲಿದೆ. ಮರುದಿನವೇ ಅದು ತೆರೆಯಿತು. ಗುಟ್ಟೇನೂ ಅಲ್ಲ, ಪತ್ರಿಕೆಯಲ್ಲೇ ಬಂದ ಸುದ್ದಿ. ಒಂದೇ ದಿನ, ಒಂದೇ ದೇಶ, ಇಲ್ಲಿ ಈ ಬಾಗಿದ ತಲೆ, ಅಲ್ಲಿ ಆ ಮುಳ್ಳುತಂತಿ.

ಎರಡನೆಯ ಚಿತ್ರ ಜನವರಿ 30ರದು, ಹಿಟ್ಲರ್ ಪ್ರಮಾಣವಚನ ಸ್ವೀಕರಿಸಿದ ದಿನದ್ದು. ಮಂತ್ರಿಮಂಡಲ ಒಟ್ಟಿಗೆ ತೆಗೆಸಿಕೊಂಡ ಫೋಟೊ. ನಡುವೆ ಹಿಟ್ಲರ್ ಕೂತಿದ್ದಾನೆ. ಒಂದು ಪಕ್ಕ ಗೋರಿಂಗ್, ಇನ್ನೊಂದು ಪಕ್ಕ ಉಪ ಚಾನ್ಸಲರ್ ಪಾಪೆನ್. ಹಿಂದೆ ಸಾಲಾಗಿ ನಿಂತವರಲ್ಲಿ ಹೆಚ್ಚಿನವರು ಒಳ್ಳೆಯ ಸೂಟು ತೊಟ್ಟ, ಓದಿಕೊಂಡ ಗಂಡಸರು. ನಾನು ಹಿಟ್ಲರ್‌ನನ್ನು ಬಿಟ್ಟು ಇವರ ಮುಖಗಳನ್ನೇ ನೋಡುತ್ತೇನೆ. ಯಾರಲ್ಲೂ ಹೆದರಿಕೆ ಕಾಣುವುದಿಲ್ಲ. ಆ ಮಂತ್ರಿಮಂಡಲದಲ್ಲಿ ನಾಜಿ ಪಕ್ಷದವರು ಮೂರೇ ಜನ: ಹಿಟ್ಲರ್, ಫ್ರಿಕ್, ಗೋರಿಂಗ್. ಮೂಗುದಾರ ತಮ್ಮ ಕೈಲಿದೆ ಎಂದು ಉಳಿದವರು ನೆಮ್ಮದಿಯಾಗಿದ್ದರು. ಎರಡು ತಿಂಗಳಲ್ಲಿ ಹಿಟ್ಲರ್‌ನನ್ನು ಮೂಲೆಗೆ ಒತ್ತಿಬಿಡುತ್ತೇವೆ ಎಂದು ಪಾಪೆನ್ ಹೇಳಿದ ಮಾತು ದಾಖಲಾಗಿದೆ. ಆದರೆ ಆ ಮೂವರಲ್ಲಿ ಒಬ್ಬನಿಗೆ ದೇಶದ ಗೃಹ ಖಾತೆ, ಇನ್ನೊಬ್ಬನಿಗೆ ಪ್ರಷ್ಯದ ಪೊಲೀಸು ಸಿಕ್ಕಿತ್ತು. ಜರ್ಮನಿಯ ಅರ್ಧಕ್ಕಿಂತ ಹೆಚ್ಚು ಭಾಗ ಪ್ರಷ್ಯವೇ. ತಲೆ ಎಣಿಸಿದವರು ಲಾಠಿ ಯಾರ ಕೈಲಿದೆ ಎಂದು ನೋಡಲಿಲ್ಲ.

ಸಾಲಿನಲ್ಲಿ ನಿಂತಿದ್ದ ಹ್ಯೂಗೆನ್‌ಬರ್ಗ್, ಪತ್ರಿಕೆಗಳ ದೊಡ್ಡ ಒಡೆಯ, ಜೂನ್ ಹೊತ್ತಿಗೆ ರಾಜೀನಾಮೆ ಕೊಟ್ಟು ಹೊರಬಿದ್ದ. ಪಾಪೆನ್‌ಗೆ 1934ರ ಜೂನ್ 30ರಂದು ಗೃಹಬಂಧನ. ಅವನ ಹತ್ತಿರದ ಇಬ್ಬರು ಸಹಾಯಕರು ಕೊಲೆಯಾದರು. ಅಷ್ಟಾದ ಮೇಲೂ ಅವನು ಅದೇ ಸರ್ಕಾರದ ರಾಯಭಾರಿಯಾಗಿ ಕೆಲಸ ಒಪ್ಪಿಕೊಂಡ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸ್ಟಾಲಿನ್ ಕಾಲದ ರಷ್ಯದ ಚಿತ್ರಗಳ ಕತೆ ನಿಮಗೆ ಗೊತ್ತಿರಬಹುದು. ಕಾಲುವೆಯ ದಂಡೆಯ ಮೇಲೆ ಸ್ಟಾಲಿನ್ ಪಕ್ಕದಲ್ಲಿದ್ದ, ಅವನ ಗುಪ್ತ ಪೊಲೀಸರ ಮುಖ್ಯಸ್ಥನಾಗಿದ್ದ ಯೆಜೋವ್‌ನನ್ನು, 1940ರಲ್ಲಿ ಗುಂಡಿಟ್ಟು ಕೊಂದದ್ದಲ್ಲದೆ ಫೋಟೊದಿಂದಲೂ ಅಳಿಸಿದರು. ಅವನಿದ್ದ ಜಾಗದಲ್ಲಿ ಈಗ ನೀರು ಕಾಣುತ್ತದೆ. ಅಂಥ ಸುಳ್ಳನ್ನು ಹಿಡಿಯಬಹುದು: ಎರಡು ಪ್ರತಿ ಪಕ್ಕಪಕ್ಕ ಇಟ್ಟರೆ ಸಾಕು. ಪಾಟ್ಸ್‌ಡಾಮ್ ಚಿತ್ರದಲ್ಲಿ ಯಾರನ್ನೂ ಅಳಿಸಿಲ್ಲ. ಅವನು ನಿಜಕ್ಕೂ ಬಾಗಿದ, ಇವರು ನಿಜಕ್ಕೂ ಕೈ ಕೊಟ್ಟರು. ನಿಜವಾಗಿ ನಡೆದದ್ದನ್ನೇ ತೋರಿಸಿ ಮೋಸ ಮಾಡುವ ಚಿತ್ರ ಇದು. ಜರ್ಮನಿಯ ರಾಷ್ಟ್ರೀಯ ಪತ್ರಾಗಾರ ತನ್ನ ಹಳೆಯ ಫೋಟೊಗಳ ಜೊತೆ ಒಂದು ಎಚ್ಚರಿಕೆ ಕೊಡುತ್ತದೆ: ಅಂದಿನ ಅಡಿಬರಹವನ್ನು ದಾಖಲೆಗಾಗಿ ಹಾಗೇ ಉಳಿಸಿದ್ದೇವೆ, ಅದು ತಪ್ಪಾಗಿರಬಹುದು, ಪಕ್ಷಪಾತದ್ದಾಗಿರಬಹುದು. ಅಡಿಬರಹವನ್ನು ಅಳಿಸದೆ ಇಟ್ಟದ್ದು ದೊಡ್ಡ ಉಪಕಾರ. ಸುಳ್ಳು ಹೇಳಿದ ಬಗೆಯೂ ಚರಿತ್ರೆಯೇ ಅಲ್ಲವೇ?

ಪಾಟ್ಸ್‌ಡಾಮ್ ಆಗಿ ಎರಡು ದಿನಕ್ಕೆ, ಮಾರ್ಚ್ 23ರಂದು, ಸುಟ್ಟ ಸಂಸತ್ ಭವನದ ಬದಲಿಗೆ ಕ್ರೋಲ್ ಒಪೆರಾ ಸಭಾಂಗಣದಲ್ಲಿ ಸದಸ್ಯರು ಸೇರಿದರು. ಹಿಟ್ಲರ್ ಈ ಸಲ ಪಕ್ಷದ ಕಂದು ಅಂಗಿ ತೊಟ್ಟು ಬಂದ. ವೇದಿಕೆಯ ಹಿಂದೆ ದೊಡ್ಡ ಸ್ವಸ್ತಿಕ, ಒಳಗೆ ಅವನ ಪಡೆಯವರ ಕಾವಲು. ಸಂಸತ್ತನ್ನು ಕೇಳದೆ ಸರ್ಕಾರವೇ ಕಾನೂನು ಮಾಡಬಹುದೆಂಬ ಮಸೂದೆಗೆ 444 ಮತ ಬಿತ್ತು. ವಿರುದ್ಧ 94. ಆ 94 ಸೋಷಿಯಲ್ ಡೆಮಾಕ್ರಾಟರ ಪರವಾಗಿ ಎದ್ದು ನಿಂತವರು ಒಟ್ಟೊ ವೆಲ್ಸ್. ನಾಜಿಗಳ ಸಾಲಿನಿಂದ ನಗು ಬಂತೆಂದು ಕಲಾಪದ ವರದಿಯಲ್ಲೇ ನಮೂದಾಗಿದೆ. ವೆಲ್ಸ್ ಹೇಳಿದರು: “ನಮ್ಮ ಸ್ವಾತಂತ್ರ್ಯವನ್ನು, ಪ್ರಾಣವನ್ನು ಕಿತ್ತುಕೊಳ್ಳಬಹುದು, ಮಾನವನ್ನಲ್ಲ.”

ಕೈಕುಲುಕಿದ ಚಿತ್ರವನ್ನು ಜಗತ್ತೆಲ್ಲ ಕಂಡಿದೆ. ವೆಲ್ಸ್ ಅವರ ಮುಖ ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ಅವರ ಆ ದಿನದ ಭಾಷಣದ ಧ್ವನಿ ಉಳಿದಿದೆ, ಇವತ್ತಿಗೂ ಕೇಳಬಹುದು.

ನಮಸ್ಕಾರ.