ಯಾರು ಈ 'ನಾನು'?

ಎಲ್ಲರಿಗೂ ನಮಸ್ಕಾರ.

ಹದಿನೈದು ದಿನದ ಹಿಂದೆ ನಮ್ಮ ಕನ್ನಡ ಮೇಡಂ ಕರೆದು, "ಇತ್ತೀಚೆಗೆ ಏನೇನು ಓದಿದೆ ಅಂತ ಬಂದು ಮಾತಾಡು, ಆದರೆ ಸಾರಾಂಶ ಬೇಡ" ಅಂದರು. ಸಾರಾಂಶ ಬೇಡ ಅಂದ ಕೂಡಲೇ ನನಗೆ ಏನು ಹೇಳಬೇಕೋ ತೋಚಲಿಲ್ಲ. ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ನಮಗೆ ಓದು ಅಂದರೆ ಪೆನ್ಸಿಲ್ ಹಿಡಿದು ಕೂರುವುದು, ಮುಖ್ಯ ಅನ್ನಿಸಿದ ಕಡೆ ಗೆರೆ ಎಳೆಯುವುದು, ಪರೀಕ್ಷೆಗೆ ಬರುವುದನ್ನು ಬೇರೆ ಬರೆದಿಟ್ಟುಕೊಳ್ಳುವುದು. ಕಥೆ ಪುಸ್ತಕವನ್ನೂ ಹಾಗೇ ಓದುತ್ತಿದ್ದೆ ಅಂದರೆ ನಂಬುತ್ತೀರಾ? ಹಾಗೇ ಓದುತ್ತಿದ್ದೆ.

ಮನೆಗೆ ಹೋಗಿ, ನಾಲ್ಕೈದು ತಿಂಗಳಲ್ಲಿ ಓದಿದ್ದನ್ನು ಪಟ್ಟಿ ಮಾಡಿದೆ. ಒಂದು ಪತ್ತೇದಾರಿ ಕಾದಂಬರಿ, ಒಂದು ಡೈರಿ, ಒಂದು ವಿಜ್ಞಾನದ ಪುಸ್ತಕ, ಒಂದಷ್ಟು ವಚನಗಳು, ಒಂದು ನಾಟಕ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಲೈಬ್ರರಿಯಲ್ಲಿ ಕೈಗೆ ಸಿಕ್ಕ ಹಾಗೆ ತಂದದ್ದು, ಅಷ್ಟೇ. ಆದರೆ ಪಟ್ಟಿ ಮುಂದಿಟ್ಟುಕೊಂಡು ಕೂತಾಗ, ಎಲ್ಲದರಲ್ಲೂ ನಾನು ತಡವರಿಸಿ ನಿಂತದ್ದು ಒಂದೇ ಜಾಗದಲ್ಲಿ ಅಂತ ಗೊತ್ತಾಯಿತು. ಇಲ್ಲಿ 'ನಾನು' ಅಂತ ಮಾತಾಡುತ್ತಿರುವವರು ಯಾರು? ಅವರ ಮಾತನ್ನು ಎಷ್ಟು ನಂಬಬೇಕು?

ಇದು ಶುರುವಾಗಿದ್ದು ಪತ್ತೇದಾರಿ ಕಾದಂಬರಿಯಿಂದ. ಅಗಾಥಾ ಕ್ರಿಸ್ಟಿ ಬರೆದದ್ದು. ಯಾವ ಕಾದಂಬರಿ ಅಂತ ಹೇಳುವುದಿಲ್ಲ, ಇನ್ನೂ ಓದದೆ ಇರುವವರಿಗೆ ಅನ್ಯಾಯ ಆಗುತ್ತದೆ. ಕ್ರಿಸ್ಟಿ ಮೊದಲನೇ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದವರು. ಅವರ ಕಥೆಗಳಲ್ಲಿ ವಿಷದ ವಿವರಗಳು ಅಷ್ಟು ಖಚಿತವಾಗಿ ಇರುವುದಕ್ಕೆ ಅದೇ ಕಾರಣ. ನಾನು ಆ ಪುಸ್ತಕ ತಂದದ್ದೂ ಆ ವಿಷದ ಆಸೆಗೇ, ಕೆಮಿಸ್ಟ್ರಿ ಓದುವವಳಲ್ವಾ. ಆದರೆ ನನ್ನ ನಿದ್ದೆ ಕೆಡಿಸಿದ್ದು ವಿಷವಲ್ಲ. ಇಡೀ ಕಥೆ ಹೇಳುವವನು ಒಬ್ಬ ಸಂಭಾವಿತ. ತಾನು ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಅವನ ಮೇಲೆ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ, ಯಾಕೆಂದರೆ ಕಥೆ ಹೇಳುವವನನ್ನು ಯಾರಾದರೂ ಅನುಮಾನಿಸುತ್ತಾರಾ? ಕೊನೆಗೆ ಸತ್ಯ ಗೊತ್ತಾದಾಗ ರಾತ್ರಿ ಒಂದೂವರೆ ಗಂಟೆ. ಸಿಟ್ಟು ಬಂತು. ಇವನು ಎಲ್ಲೋ ಸುಳ್ಳು ಹೇಳಿರಲೇಬೇಕು, ಹಿಡಿಯುತ್ತೇನೆ ಅಂತ ಪುಟ ಹಿಂದಕ್ಕೆ ತಿರುಗಿಸುತ್ತಾ ಕೂತೆ.

ಒಂದು ಸುಳ್ಳೂ ಸಿಗಲಿಲ್ಲ. ಸಿಕ್ಕಿದ್ದು ಒಂದು ಖಾಲಿ ಜಾಗ. ಒಂದು ವಾಕ್ಯದಲ್ಲಿ ಗಂಟೆ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇದೆ. ಮುಂದಿನ ವಾಕ್ಯಕ್ಕೆ ಬರುವಷ್ಟರಲ್ಲಿ ಒಂಬತ್ತಕ್ಕೆ ಹತ್ತು ನಿಮಿಷ. ಎರಡರ ನಡುವೆ ಬರೀ ಒಂದು ಫುಲ್‌ಸ್ಟಾಪ್. ಆ ಹತ್ತು ನಿಮಿಷದಲ್ಲಿ ಏನಾಯಿತು ಅನ್ನುವುದನ್ನು ಅವನು ಹೇಳಲೇ ಇಲ್ಲ. ನಾನೂ ಕೇಳದೆ ದಾಟಿಕೊಂಡು ಹೋಗಿದ್ದೆ. ಅವನು ಹೇಳಿದ್ದೆಲ್ಲ ನಿಜವೇ, ಬಿಟ್ಟದ್ದು ಹತ್ತು ನಿಮಿಷ ಮಾತ್ರ.

ಆ ಹತ್ತು ನಿಮಿಷ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಏನು ಓದಿದರೂ ಎರಡು ವಾಕ್ಯಗಳ ನಡುವೆ ಇಣುಕಿ ನೋಡುವ ಹಾಗಾಯಿತು.

ಅದೇ ಗುಂಗಿನಲ್ಲಿ ಆನ್ ಫ್ರಾಂಕ್ ಡೈರಿ ಕೈಗೆತ್ತಿಕೊಂಡೆ. ನಿಮ್ಮಲ್ಲಿ ಎಷ್ಟೋ ಜನ ಓದಿರುತ್ತೀರಿ. 1942ರ ಜೂನ್ 12, ಅವಳಿಗೆ ಹದಿಮೂರು ತುಂಬಿದ ದಿನ ಸಿಕ್ಕ ಡೈರಿ ಅದು. ಒಂದು ತಿಂಗಳೊಳಗೆ, ಜುಲೈ 6ಕ್ಕೆ, ಯೆಹೂದಿಗಳನ್ನು ಹಿಡಿಯುತ್ತಿದ್ದ ನಾಜಿಗಳಿಗೆ ಸಿಗದ ಹಾಗೆ ಮನೆಯವರೆಲ್ಲ ಆಮ್‌ಸ್ಟರ್‌ಡಾಮ್‌ನ ಒಂದು ಕಟ್ಟಡದ ಹಿಂಭಾಗದಲ್ಲಿ ಅಡಗಿಕೊಂಡರು. ಆಮೇಲೆ ಇನ್ನೂ ಕೆಲವರು ಸೇರಿ ಒಟ್ಟು ಎಂಟು ಜನ. ಎರಡು ವರ್ಷ ಹೊರಗೆ ಕಾಲಿಡದೆ ಬದುಕಿದರು. ಡೈರಿ ಅಂದರೆ ಅಂದಂದಿನದನ್ನು ಅಂದಂದೇ ಬರೆಯುವುದು, ಇಲ್ಲಿಯ 'ನಾನು' ಅನ್ನು ಅನುಮಾನಿಸಬೇಕಾಗಿಲ್ಲ ಅಂದುಕೊಂಡು ಓದುತ್ತಾ ಹೋದೆ. ಆಮೇಲೆ ಮುನ್ನುಡಿಯಿಂದ ಒಂದು ವಿಷಯ ಗೊತ್ತಾಯಿತು. 1944ರ ಮಾರ್ಚ್‌ನಲ್ಲಿ ಅವಳು ರೇಡಿಯೊದಲ್ಲಿ ಡಚ್ ಮಂತ್ರಿಯೊಬ್ಬರ ಮಾತು ಕೇಳುತ್ತಾಳೆ. ಯುದ್ಧ ಮುಗಿದ ಮೇಲೆ ಜನರ ಪತ್ರ, ಡೈರಿಗಳನ್ನೆಲ್ಲ ಸಂಗ್ರಹಿಸುತ್ತೇವೆ ಅನ್ನುತ್ತಾರೆ ಅವರು. ಮೇ ತಿಂಗಳಿನಿಂದ ಅವಳು ತನ್ನ ಡೈರಿಯನ್ನು ಬಿಡಿ ಹಾಳೆಗಳ ಮೇಲೆ ಮತ್ತೆ ಬರೆಯಲು ಶುರು ಮಾಡುತ್ತಾಳೆ. ಕೆಲವನ್ನು ಬಿಟ್ಟು, ಕೆಲವನ್ನು ತಿದ್ದಿ, ಓದುಗರು ಓದುತ್ತಾರೆ ಅಂತ ಗೊತ್ತಿದ್ದುಕೊಂಡೇ. 1947ರಲ್ಲಿ ಅವಳ ಅಪ್ಪ ಪ್ರಕಟಿಸಿದ ಪುಸ್ತಕ ಈ ಎರಡೂ ಪ್ರತಿಗಳನ್ನು ಸೇರಿಸಿ ಮಾಡಿದ್ದು.

ನಿಜ ಹೇಳುತ್ತೇನೆ, ಮೊದಲು ನನಗೆ ಮೋಸ ಹೋದ ಹಾಗೆ ಅನ್ನಿಸಿತು. ಹಾಗಾದರೆ ನಾನು ಓದಿದ್ದು ಯಾವ ಹುಡುಗಿಯನ್ನು? ಹದಿಮೂರರವಳನ್ನೋ, ಹದಿನೈದರಲ್ಲಿ ಕೂತು ತಿದ್ದಿದವಳನ್ನೋ? ಎರಡು ದಿನ ಪುಸ್ತಕ ಮುಟ್ಟಲಿಲ್ಲ.

ಮತ್ತೆ ತೆಗೆದಾಗ 1944ರ ಜನವರಿಯ ಒಂದು ಪುಟ ಸಿಕ್ಕಿತು. ಅಲ್ಲಿ ಅವಳು ಸುಮ್ನೆ ಹಳೆಯ ಪುಟಗಳನ್ನು ತಿರುಗಿಸಿ ನೋಡುತ್ತಾಳೆ. ಅಮ್ಮನ ಬಗ್ಗೆ ತಾನು ಎಷ್ಟು ಕಟುವಾಗಿ ಬರೆದಿದ್ದೇನೆ ಅಂತ ಕಂಡು ದಿಗಿಲಾಗುತ್ತಾಳೆ. ಇಷ್ಟೊಂದು ದ್ವೇಷ ಬರೆದವಳು ನಾನೇನಾ ಅಂತ ತನ್ನನ್ನೇ ಕೇಳಿಕೊಳ್ಳುತ್ತಾಳೆ. ಅದನ್ನು ಓದಿದ ಮೇಲೆ ನನ್ನ ಸಿಟ್ಟು ಇಳಿಯಿತು. ಕಾದಂಬರಿಯ ಆ ಸಂಭಾವಿತ ಬಿಟ್ಟದ್ದು ತಪ್ಪಿಸಿಕೊಳ್ಳುವುದಕ್ಕೆ. ಇವಳು ಹಿಂದಕ್ಕೆ ಹೋದದ್ದು ತನ್ನನ್ನು ಸರಿಯಾಗಿ ನೋಡಿಕೊಳ್ಳುವುದಕ್ಕೆ. ಅವಳ ಕೊನೆಯ ಬರಹ ಆಗಸ್ಟ್ 1ರದು. ಅದರಲ್ಲೂ ಅವಳು ಬರೆಯುವುದು ತನ್ನೊಳಗೆ ಇರುವ ಇಬ್ಬರ ಬಗ್ಗೆ, ಎಲ್ಲರಿಗೂ ಕಾಣುವ ಚೆಲ್ಲುಚೆಲ್ಲಾದವಳು ಮತ್ತು ಯಾರಿಗೂ ಕಾಣದ ಇನ್ನೊಬ್ಬಳು. ಮೂರು ದಿನಕ್ಕೆ ಪೊಲೀಸರು ಬಂದರು. ಮುಂದಿನ ಪುಟ ಖಾಲಿ. ಆ ಖಾಲಿ ಪುಟವನ್ನು ಅವಳಾಗಿ ಬಿಟ್ಟದ್ದಲ್ಲ.

ಇದರ ಮಧ್ಯೆ ಬದುಕಿನಲ್ಲಿ ಗೆಲ್ಲುವುದು ಹೇಗೆ ಅನ್ನುವ ಜಾತಿಯ ಪುಸ್ತಕ ಒಂದನ್ನೂ ತಂದಿದ್ದೆ. ನಲವತ್ತು ಪುಟಕ್ಕೆ ಬಿಟ್ಟೆ. ಅಲ್ಲಿ ಬರೀ 'ನೀವು, ನೀವು'. ಹೇಳುವವರು ಯಾರು, ಅವರು ಎಲ್ಲಿ ಎಡವಿದರು ಅನ್ನುವುದು ಎಲ್ಲೂ ಇಲ್ಲ.

ಈಗ ನನಗೆ ತುಂಬಾ ಪ್ರೀತಿಯಾದ ಪುಸ್ತಕಕ್ಕೆ ಬರುತ್ತೇನೆ. ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಂಡರೆ ಕ್ಷಮಿಸಿ. ಚಾರ್ಲ್ಸ್ ಡಾರ್ವಿನ್ ಬರೆದ ಕೊನೆಯ ಪುಸ್ತಕ, 1881ರದು. ಅದಾದ ಮರುವರ್ಷ ಅವರು ತೀರಿಕೊಂಡರು. ವಿಷಯ ಎರೆಹುಳು. ಇಂಗ್ಲಿಷ್ ಹಳೆಯ ಕಾಲದ್ದು, ದಿನಕ್ಕೆ ಐದಾರು ಪುಟಕ್ಕಿಂತ ಜಾಸ್ತಿ ಆಗುತ್ತಿರಲಿಲ್ಲ.

ನಮ್ಮ ಲ್ಯಾಬ್ ರೆಕಾರ್ಡ್ ಬರೆಯುವವರಿಗೆ ಇದು ಗೊತ್ತು. ಅಲ್ಲಿ 'ನಾನು' ಅನ್ನುವ ಹಾಗಿಲ್ಲ. "ದ್ರಾವಣವನ್ನು ಬಿಸಿ ಮಾಡಲಾಯಿತು, ಬಣ್ಣ ಬದಲಾದದ್ದನ್ನು ಗಮನಿಸಲಾಯಿತು." ಯಾರು ಬಿಸಿ ಮಾಡಿದರು, ಯಾರ ಕೈ ಸುಟ್ಟಿತು ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ವಿಜ್ಞಾನ ಅಂದರೆ ಹಾಗೇ ಇರಬೇಕು ಅಂತ ನಾನೂ ಅಂದುಕೊಂಡಿದ್ದೆ. ಡಾರ್ವಿನ್ ಪುಸ್ತಕದಲ್ಲಿ ಪುಟಪುಟಕ್ಕೂ 'ನಾನು' ಇದೆ. ಅವರು ಎರೆಹುಳುಗಳನ್ನು ಕುಂಡಗಳಲ್ಲಿ ಹಾಕಿ ತಮ್ಮ ಓದುವ ಕೋಣೆಯಲ್ಲೇ ಇಟ್ಟುಕೊಂಡಿದ್ದರು. ಹುಳುಗಳಿಗೆ ಕಿವಿ ಕೇಳಿಸುತ್ತದಾ ಅಂತ ನೋಡಬೇಕಿತ್ತು. ಸೀಟಿ ಊದಿಸಿದರು, ಬಸೂನ್ ಅನ್ನುವ ಉದ್ದನೆಯ ವಾದ್ಯವನ್ನು ಊದಿಸಿದರು, ಹತ್ತಿರದಲ್ಲೇ ಪಿಯಾನೊ ಜೋರಾಗಿ ನುಡಿಸಿದರು, ಕೂಗಿದರು. ಹುಳುಗಳು ಅಲುಗಲಿಲ್ಲ. ಅದೇ ಕುಂಡವನ್ನು ಪಿಯಾನೊ ಮೇಲಿಟ್ಟು ಒಂದು ಸ್ವರ ನುಡಿಸಿದರೆ ಸರಕ್ಕನೆ ಬಿಲದೊಳಗೆ ಇಳಿದವು. ಸದ್ದು ಕೇಳಿಸುವುದಿಲ್ಲ, ನಡುಕ ಮಾತ್ರ ತಿಳಿಯುತ್ತದೆ.

ಇನ್ನೊಂದು ಪ್ರಯೋಗ ಕೇಳಿ. ಎರೆಹುಳುಗಳು ಬಿಲದ ಬಾಯಿ ಮುಚ್ಚುವುದಕ್ಕೆ ಎಲೆಗಳನ್ನು ಎಳೆದುಕೊಳ್ಳುತ್ತವೆ. ಯಾವ ತುದಿ ಹಿಡಿದು ಎಳೆದರೆ ಸುಲಭ ಅಂತ ಅವಕ್ಕೆ ತಿಳಿಯುತ್ತದಾ? ಅದಕ್ಕೆ ಡಾರ್ವಿನ್ ಕಾಗದವನ್ನು ಉದ್ದನೆಯ ತ್ರಿಕೋನಗಳಾಗಿ ಕತ್ತರಿಸಿದರು. ಇಬ್ಬನಿಗೆ ಮೆತ್ತಗಾಗದೆ ಇರಲಿ ಅಂತ ಎರಡೂ ಕಡೆ ಕೊಬ್ಬು ಸವರಿದರು. ಹಾಗೆ 303 ತ್ರಿಕೋನಗಳನ್ನು ನೋಡಿದರು. ನೂರಕ್ಕೆ 62ನ್ನು ಹುಳುಗಳು ಚೂಪಾದ ತುದಿಯಲ್ಲೇ ಹಿಡಿದು ಎಳೆದಿದ್ದವು. ಎಪ್ಪತ್ತು ದಾಟಿದ ಒಬ್ಬ ಮನುಷ್ಯ, ಇಡೀ ಜಗತ್ತಿಗೆ ಹೆಸರು ಗೊತ್ತಿರುವ ಮನುಷ್ಯ, ಕಾಗದಕ್ಕೆ ಕೊಬ್ಬು ಸವರಿ ಎರೆಹುಳುವಿನ ಮುಂದೆ ಇಟ್ಟ ವಿವರ ಓದಿ, ಅದನ್ನು ಪಕ್ಕದಲ್ಲಿದ್ದ ಗೆಳತಿಗೂ ಓದಿ ಹೇಳಿದೆ.

ಅವರು ತಮ್ಮ ಊಹೆ ಬದಲಾದದ್ದನ್ನೂ ಮುಚ್ಚಿಡುವುದಿಲ್ಲ. ಬೆಳಕು ಬಿದ್ದರೆ ಹುಳು ಬಿಲಕ್ಕೆ ಓಡುವುದನ್ನು ನೋಡಿ ಮೊದಲು ಇದು ತಾನಾಗೇ ಆಗುವ ಕ್ರಿಯೆ ಅನ್ನಿಸುತ್ತದೆ ಅನ್ನುತ್ತಾರೆ. ಆಮೇಲೆ ನೋಡಿದರೆ ಎಲೆ ಎಳೆಯುವುದರಲ್ಲಿ ಮುಳುಗಿದ ಹುಳು ಬೆಳಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ಅದಕ್ಕೂ ಗಮನ ಅನ್ನುವುದು ಇದೆಯಾ ಅಂತ ಯೋಚನೆ ಮಾಡುತ್ತಾರೆ. ಇನ್ನು 1842ರಲ್ಲಿ ಒಂದು ಹುಲ್ಲುಗಾವಲಿನ ಮೇಲೆ ಸುಣ್ಣಕಲ್ಲಿನ ಚೂರು ಹರಡಿಸಿದ್ದರಲ್ಲ, ಅಲ್ಲಿ ಅಗೆಸಿ ನೋಡಿದ್ದು 1871ರಲ್ಲಿ. 29 ವರ್ಷ! ಚೂರುಗಳು ಏಳು ಇಂಚು ಕೆಳಗೆ ಬಿಳಿ ಗೆರೆಯ ಹಾಗೆ ಕಂಡವು. ಹುಳುಗಳು ಕೆಳಗಿನ ಮಣ್ಣನ್ನು ಮೇಲೆ ತಂದು ಹಾಕಿ ಹಾಕಿ ಕಲ್ಲು ಕೆಳಗಿಳಿದಿತ್ತು. ಈ 'ನಾನು' ಅನ್ನು ನಾನು ಪೂರ್ತಿ ನಂಬಿದೆ. ಹೇಗೆ ನೋಡಿದೆ, ಎಲ್ಲಿ ನಿಂತು ನೋಡಿದೆ, ಎಷ್ಟು ಕಾದೆ ಅನ್ನುವುದೆಲ್ಲ ಅಲ್ಲಿದೆ. ಬೇಕಾದರೆ ನಾನೂ ಹೋಗಿ ಅಗೆದು ನೋಡಬಹುದು.

ವಚನಗಳ ವಿಷಯ ಬೇರೆ. "ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡಲಿ ಬಡವನಯ್ಯಾ" ಅನ್ನುವುದನ್ನು ಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೆವು. ಆಗ ಏನೂ ಅನ್ನಿಸಿರಲಿಲ್ಲ. ಈ ಸಲ 'ಬಡವ' ಅನ್ನುವಲ್ಲಿ ನಿಂತುಬಿಟ್ಟೆ. ಬಸವಣ್ಣ ಬಿಜ್ಜಳನ ಭಂಡಾರಿ ಆಗಿದ್ದವರು, ರಾಜ್ಯದ ಬೊಕ್ಕಸ ನೋಡಿಕೊಂಡವರು. ಅವರು ಬಡವರು ಹೇಗಾಗುತ್ತಾರೆ? ಇದು ಸುಳ್ಳಾ? ಇಲ್ಲೂ ಹತ್ತು ನಿಮಿಷ ಕಾಣೆಯಾಗಿದೆಯಾ? ಮುಂದಿನ ಸಾಲುಗಳನ್ನು ನಿಧಾನಕ್ಕೆ ಹೇಳಿಕೊಂಡೆ. ಕಾಲೇ ಕಂಬ, ದೇಹವೇ ದೇಗುಲ, ತಲೆಯೇ ಹೊನ್ನ ಕಳಶ. ಇಲ್ಲಿಯ 'ನಾನು' ಬೊಕ್ಕಸದವನಲ್ಲ, ಮೈ ಒಂದನ್ನು ಬಿಟ್ಟು ಬೇರೇನೂ ಇಲ್ಲದವನು. ಅವನು ಯಾರು ಬೇಕಾದರೂ ಆಗಬಹುದು. ಓದುತ್ತಿರುವ ನಾನೂ ಆಗಬಹುದು. ಆಮೇಲೆ ಇನ್ನೊಂದು ಗಮನಿಸಿದೆ. ವಚನದ ಕೊನೆಗೆ ಇರುವುದು ಬರೆದವರ ಹೆಸರಲ್ಲ. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ. ಸಹಿ ಹಾಕುವ ಜಾಗದಲ್ಲಿ ಕೇಳಿಸಿಕೊಳ್ಳುವವನ ಹೆಸರು ಇದೆ. ಪತ್ರ ಬರೆದು ಕೆಳಗೆ ನಮ್ಮ ಹೆಸರಿನ ಬದಲು ಯಾರಿಗೆ ಬರೆದೆವೋ ಅವರ ಹೆಸರು ಹಾಕಿದ ಹಾಗೆ.

ನಾಟಕದಲ್ಲಿ ಬರೆದವರ 'ನಾನು' ಇರುವುದೇ ಇಲ್ಲ. ಗಿರೀಶ ಕಾರ್ನಾಡರ 'ತುಘಲಕ್', 1964ರದು. ಅದನ್ನು ಬರೆದಾಗ ಅವರಿಗೆ ನಮಗಿಂತ ಐದಾರು ವರ್ಷ ಅಷ್ಟೇ ಜಾಸ್ತಿ. ಒಬ್ಬಳೇ ಓದಿದಾಗ ರುಚಿಸಲಿಲ್ಲ. ಆಮೇಲೆ ನಾಲ್ಕು ಜನ ಗೆಳತಿಯರು ಸೇರಿ ಪಾತ್ರ ಹಂಚಿಕೊಂಡು ಜೋರಾಗಿ ಓದಿದೆವು. ನನಗೆ ಬಂದದ್ದು ಅಜೀಜ್. ಮೊದಲ ದೃಶ್ಯದಲ್ಲಿ ಸುಲ್ತಾನನ ವಿರುದ್ಧವೇ ನ್ಯಾಯ ಗೆಲ್ಲುವ ಬಡ ಬ್ರಾಹ್ಮಣ ಇದ್ದಾನಲ್ಲ, ಅವನು ನಿಜದಲ್ಲಿ ವೇಷ ಹಾಕಿದ ಅಗಸ ಅಜೀಜ್. ನನಗೆ ಅದು ಗೊತ್ತು, ಎದುರು ಕೂತು ಓದುತ್ತಿದ್ದ ಇಬ್ಬರಿಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಬೇರೆಯವನಾಗಿ ಮಾತಾಡುವಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಕಥೆ ಹೇಳುತ್ತಾ ಹತ್ತು ನಿಮಿಷ ಬಚ್ಚಿಟ್ಟ ಆ ಸಂಭಾವಿತನಿಗೂ ಹೀಗೇ ಆಗಿರಬೇಕು ಅನ್ನಿಸಿತು. ಎಷ್ಟು ಸುಲಭ ಅದು.

ಕೊನೆಯದಾಗಿ ಒಂದು ವಿಷಯ. ನಾನೂ ಡೈರಿ ಬರೆಯುತ್ತೇನೆ, ಪಿಯುಸಿಯಿಂದ. ಈ ಮಾತಿಗೆ ತಯಾರಿ ಮಾಡುವಾಗ ಹಳೆಯ ಪುಟ ತೆಗೆದು ನೋಡಿದೆ. ಹೋದ ವರ್ಷ ಒಬ್ಬ ಗೆಳತಿಯ ಜೊತೆ ದೊಡ್ಡ ಜಗಳ ಆಗಿತ್ತು. ಅವತ್ತಿನ ಪುಟದಲ್ಲಿ ಅವಳು ಅಂದದ್ದೆಲ್ಲ ಇದೆ, ಒಂದು ಮಾತೂ ಬಿಡದೆ ಬರೆದಿದ್ದೇನೆ. ಆಮೇಲೆ ಒಂದು ಫುಲ್‌ಸ್ಟಾಪ್. ಅದರ ಮುಂದೆ, "ನಾನು ಎದ್ದು ಬಂದೆ." ನಡುವೆ ನಾನು ಅವಳಿಗೆ ಏನಂದೆ ಅನ್ನುವುದು ಎಲ್ಲೂ ಇಲ್ಲ. ನನಗೆ ಚೆನ್ನಾಗಿ ನೆನಪಿದೆ ಏನಂದೆ ಅಂತ.

ಮೊನ್ನೆ ರಾತ್ರಿ ಆ ಪುಟದ ಅಂಚಿನಲ್ಲಿ, ಮೊನ್ನೆಯದೇ ತಾರೀಕು ಹಾಕಿ, ಅದನ್ನು ಬರೆದೆ. ಎರಡೇ ಸಾಲು. ಹಳೆಯದನ್ನು ಅಳಿಸಲಿಲ್ಲ. ಬೆಳಿಗ್ಗೆ ಅವಳಿಗೆ ಫೋನ್ ಮಾಡಿದೆ. ಅವಳು ಇವತ್ತು ಇಲ್ಲಿ, ಮೂರನೇ ಸಾಲಿನಲ್ಲಿ ಕೂತಿದ್ದಾಳೆ.